ಗುಲ್ಬರ್ಗಾದಲ್ಲಿ ಜಮೆ, ಕಲಬುರಗಿಯಲ್ಲಿ ಬಾಕಿ

ನಮ್ಮ ಲೆಕ್ಕದ ಸಾಫ್ಟ್‌ವೇರಿಗೆ ಕಳೆದ ವಾರ ಬಂದ ಹೊಸ ಆವೃತ್ತಿಯ ಮಹಿಮೆ ಕಲಬುರಗಿಯ ಮಾರುಕಟ್ಟೆಯಾದ ನೆಹರು ಗಂಜಿನಲ್ಲಿ ಎರಡು ಅಂಗಡಿ ದಾಟಿದವರಿಗೆಲ್ಲ ಗೊತ್ತಿರುವುದರಿಂದ ಅದನ್ನು ಮತ್ತೆ ವರ್ಣಿಸುವುದಿಲ್ಲ. ಲೆಕ್ಕದ ಸಾಫ್ಟ್‌ವೇರ್ ಈಗ ತೆರೆದೊಡನೆ ಶುಭೋದಯ ಹೇಳುತ್ತದೆ, ವ್ಯಾಪಾರವನ್ನೆಲ್ಲ ಜೋಳದ ರೊಟ್ಟಿ ಮುರಿದಿಟ್ಟಂತೆ ಬಣ್ಣಬಣ್ಣದ ತುಂಡು ಮಾಡಿ ತೋರಿಸುತ್ತದೆ, ಗಿರಾಕಿಯ ಹುಟ್ಟುಹಬ್ಬವನ್ನೂ ನೆನಪಿಡುತ್ತದೆ. ದುಡ್ಡು ಕೊಟ್ಟದ್ದನ್ನು ಬರೆಯುವ ‘ಪೇಮೆಂಟ್’ ಮತ್ತು ಜಮೆ ಇದ್ದದ್ದನ್ನು ಬಿಲ್ಲಿಗೆ ವಜಾ ಹಾಕುವ ‘ಕ್ರೆಡಿಟ್’ ಎಂಬ ಎರಡು ಬಟನ್‌ಗಳು ಮಾತ್ರ ಬೂದಿ ಬಣ್ಣಕ್ಕೆ ತಿರುಗಿ, ಎಷ್ಟು ಒತ್ತಿದರೂ ಮಿಸುಕದೆ ಕುಳಿತಿವೆ. ಲೆಕ್ಕವೆಂದರೆ ಕೊಟ್ಟದ್ದು ಮತ್ತು ಬಂದದ್ದು ಎಂದೇ ನಂಬಿಕೊಂಡು ಇಷ್ಟು ವರ್ಷ ತೊಗರಿ ಬೇಳೆ ಮಾರಿದ ನನ್ನ ಅಜ್ಞಾನವನ್ನು ಕಂಪನಿಯವರು ಮನ್ನಿಸಬೇಕು.

ನಡೆದದ್ದು ಬಹಳ ಸಣ್ಣ ಸಂಗತಿ. ನಮ್ಮ ಊರಿನ ಸೂಪರ್ ಮಾರ್ಕೆಟ್ ಎಂಬ ಪ್ರದೇಶದ ಕಿರಾಣಿ ಅಂಗಡಿಯವರೊಬ್ಬರು, ಟಂಟಂನಲ್ಲಿ ಬರುವಾಗ ಮಳೆಗೆ ನೆನೆದವೆಂದು, 25 ಕಿಲೋದ 12 ಚೀಲ ಬೇಳೆಯನ್ನು ವಾಪಸು ಕಳಿಸಿದರು. ಹೆಸರು ಅಚ್ಚು ಹಾಕಿದ 25 ಕಿಲೋದ ಚೀಲಕ್ಕೆ 2022ರ ಜುಲೈ 18ರಿಂದ ಶೇಕಡಾ 5 ಜಿಎಸ್‌ಟಿ ಇರುವುದರಿಂದ (ಅದೇ ಬೇಳೆಯನ್ನು 30 ಕಿಲೋದ ಚೀಲಕ್ಕೆ ತುಂಬಿದರೆ ತೆರಿಗೆಯಿಲ್ಲ, ಆ ಐದು ಕಿಲೋದೊಳಗೆ ಅಡಗಿರುವ ಅಧ್ಯಾತ್ಮದ ವಿಚಾರ ಇನ್ನೊಂದು ದಿನಕ್ಕಿರಲಿ) ಮರಳಿ ಬಂದ ಮಾಲಿಗೆ ಕ್ರೆಡಿಟ್ ನೋಟ್, ಅಂದರೆ ಅದರ ಹಣ ಗಿರಾಕಿಗೆ ಜಮೆ ಇದೆಯೆಂಬ ಚೀಟಿ, ಮಾಡಬೇಕು. ಅದನ್ನು ಮಾಡಿದ್ದೂ ಆಗಿತ್ತು. ಅದರ ಮೊತ್ತವನ್ನು ಅವರ ಹೊಸ ಬಿಲ್ಲಿನಲ್ಲಿ ವಜಾ ಹಾಕಲು ಹೋದ ನನ್ನ ಅಣ್ಣನ ಮಗ ಹತ್ತು ನಿಮಿಷ ಪರದೆಯನ್ನೇ ನೋಡಿ, “ಬಟನ್ ಅದ್ರೀ ಕಾಕಾ, ಒತ್ತಲಾಕ ಬರಲ್ಲ” ಎಂದನು. ನಮ್ಮ ಊರಿನ ಎಷ್ಟೋ ಸರ್ಕಾರಿ ನಳಗಳಿಗೂ ಸಲ್ಲುವ ಮಾತು ಅದು.

ಸಹಾಯವಾಣಿಗೆ ಫೋನು ಹಚ್ಚಿದೆವು. ನಮ್ಮ ಕರೆ ಅವರಿಗೆ ಎಷ್ಟು ಅಮೂಲ್ಯವಾದದ್ದೆಂಬುದನ್ನು ಅರ್ಧ ಗಂಟೆಯವರೆಗೆ ಕೇಳಿಸಿಕೊಂಡ ಮೇಲೆ ಒಬ್ಬ ಹೆಣ್ಣುಮಗಳು ಬಹಳ ವಿನಯದಿಂದ, “ಸರ್, ಮೊದಲು ಕ್ಯಾಶ್ ಕ್ಲಿಯರ್ ಮಾಡಿ” ಎಂದರು. ಸ್ಪೀಕರಿನಲ್ಲಿ ಅದನ್ನು ಕೇಳಿದ ನಮ್ಮ ಹಳೆಯ ಗುಮಾಸ್ತರು, ನನ್ನ ಅಪ್ಪನ ಕಾಲದಿಂದ ಕಿರ್ದಿ ಬರೆದವರು, ತಕ್ಷಣ ಗಲ್ಲಾಪೆಟ್ಟಿಗೆ ತೆರೆದು, ಹೆಬ್ಬೆರಳಿಗೆ ನೀರು ಹಚ್ಚಿಕೊಂಡು ನೋಟು ಎಣಿಸಿ, “ಸಾವ್ಕಾರ್ರೆ, 14,300 ಅದ. ಎಲ್ಲಾ ತೆಗೀಲೇನ್ರಿ?” ಎಂದು ಕೇಳಿದರು. ಕ್ಲಿಯರ್ ಆಗಬೇಕಾದದ್ದು ಗಲ್ಲಾದ ಕ್ಯಾಶ್ ಅಲ್ಲ, ಅದೇ ಉಚ್ಚಾರದ ಇನ್ನೊಂದು ಕ್ಯಾಶ್, ಬ್ರೌಸರಿನ ಹೊಟ್ಟೆಯಲ್ಲಿ ಉಳಿದ ಹಳೆಯ ಕಸವೆಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಕರೆ ಕಡಿದುಹೋಗಿತ್ತು. ಕಸ ತೆಗೆದೆವು, ಹೊರಗೆ ಬಂದು ಮತ್ತೆ ಒಳಗೆ ಹೋದೆವು, ಬೇರೆ ಬ್ರೌಸರಿನಲ್ಲಿ ತೆರೆದೆವು. ಬೂದಿ ಬೂದಿಯಾಗಿಯೇ ಇತ್ತು.

ಎರಡನೆಯ ದಿನ ಗೊತ್ತಾದದ್ದು, ನಾನು ಈ ಅಂಗಡಿಯ ಮಾಲೀಕನಲ್ಲ ಎಂಬ ಸತ್ಯ. ಬೋರ್ಡಿನ ಮೇಲೆ, ಬ್ಯಾಂಕಿನಲ್ಲಿ, ಸಾಲದ ಕಾಗದದಲ್ಲಿ ನನ್ನ ಹೆಸರಿರಬಹುದು. ಸಾಫ್ಟ್‌ವೇರಿನ ಪ್ರಕಾರ ನಾನು ‘ಬಳಕೆದಾರ 3’, ಅಂದರೆ ನೋಡಬಹುದಾದವನು, ಮುಟ್ಟಬಾರದವನು. ‘ಅಡ್ಮಿನ್’ ಎಂಬ ಪದವಿಯಲ್ಲಿರುವವನು ಮೂರು ವರ್ಷದ ಹಿಂದೆ ನಮ್ಮಲ್ಲಿ ಆಪರೇಟರ್ ಆಗಿದ್ದು, ಈಗ ಪುಣೆಯಲ್ಲಿ ನೌಕರಿ ಮಾಡುತ್ತಿರುವ ಹುಡುಗ. ಪೇಮೆಂಟ್ ಬರೆಯುವ ಅಧಿಕಾರ ಅವನಿಗೆ ಮಾತ್ರ, ಓಟಿಪಿ ಬರುವುದೂ ಅವನ ಫೋನಿಗೇ.

ಲೆಕ್ಕದ ವಿಷಯದಲ್ಲಿ ನಮ್ಮ ಸೀಮೆಗೆ ದೊಡ್ಡ ಹಿರಿತನವಿದೆ. ಪಕ್ಕದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಕರಣಿಕರಾಗಿ, ಭಂಡಾರಿಯಾಗಿ ದುಡಿದವರು. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ಚಾಡಿ ಹೇಳಿದಾಗ, ಅರಸನ ಎದುರಿಗೇ ಲೆಕ್ಕ ಒಪ್ಪಿಸಿ, ಒಂದು ಹೊನ್ನೂ ಕಡಿಮೆಯಿಲ್ಲವೆಂದು ತೋರಿಸಿದ ಕಥೆಯನ್ನು ನಾವೆಲ್ಲ ಪುರಾಣದಲ್ಲಿ ಕೇಳಿದ್ದೇವೆ. ಆ ದಿನ ಅವರ ಕೈಯಲ್ಲಿದ್ದದ್ದು ಓಲೆಗರಿ. “ಒಡೆಯರೇ, ಜಮೆಯ ಬಟನ್ ಬೂದಿಯಾಗಿದೆ, ಅಡ್ಮಿನ್ ದೇವಗಿರಿಗೆ ಹೋಗಿದ್ದಾರೆ” ಎಂದು ಬಿಜ್ಜಳನಿಗೆ ಹೇಳಬೇಕಾದ ಪ್ರಸಂಗ ಅವರಿಗೆ ಬರಲಿಲ್ಲ.

ಕ್ರೆಡಿಟ್ಟಿನ ಗುಟ್ಟು ಒಡೆದದ್ದು ಮೂರನೆಯ ದಿನ. ನಮ್ಮ ಸೂಪರ್ ಮಾರ್ಕೆಟಿನ ಗಿರಾಕಿಗೆ ಎರಡು ಖಾತೆಗಳಿದ್ದವು. ಹಳೆಯ ಆಪರೇಟರ್ ಅಂಗಡಿಯ ಹೆಸರಿನ ಮುಂದೆ ಗುಲ್ಬರ್ಗಾ ಎಂದು ಬರೆದು ಒಂದನ್ನು ತೆರೆದಿದ್ದರೆ, ಅದು ಕಣ್ಣಿಗೆ ಬೀಳದೆ ಅಣ್ಣನ ಮಗ ಕಲಬುರಗಿ ಎಂದು ಬರೆದು ಇನ್ನೊಂದನ್ನು ತೆರೆದಿದ್ದ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಗುಲ್ಬರ್ಗಾ ಮೊದಲು ಬರುವುದರಿಂದ ಕ್ರೆಡಿಟ್ ನೋಟ್ ಅಲ್ಲಿ ಕುಳಿತಿತ್ತು, ಬಿಲ್ಲು ಇಲ್ಲಿತ್ತು. ಒಂದು ಖಾತೆಯ ಜಮೆಯನ್ನು ಇನ್ನೊಂದು ಖಾತೆಯ ಬಾಕಿಗೆ ಹೊಂದಿಸಲು ಬರುವುದಿಲ್ಲವಾದ್ದರಿಂದ ಯಂತ್ರ ಬಟನನ್ನು ಮುಚ್ಚಿತ್ತು. ಇದಕ್ಕೆ ಯಂತ್ರವನ್ನು ಬೈಯುವ ಯೋಗ್ಯತೆ ನಮಗಿಲ್ಲ. ಊರಿನ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ವಿಶ್ವವಿದ್ಯಾಲಯ ಇನ್ನೂ ಗುಲ್ಬರ್ಗಾದಲ್ಲಿಯೇ ಇದೆ. 2019ರಲ್ಲಿ ನಮ್ಮ ಬೇಳೆಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕದ್ದೂ ಗುಲ್ಬರ್ಗಾ ತೂರ್ ದಾಲ್ ಎಂಬ ಹೆಸರಿನಿಂದಲೇ.

ಆದರೆ ಒಂದು ಮಾತನ್ನು ನಗದೆ ಹೇಳುತ್ತೇನೆ. ಬಟನ್ ಏಕೆ ಮುಚ್ಚಿದೆಯೆಂಬುದು ಯಂತ್ರಕ್ಕೆ ಗೊತ್ತಿತ್ತು. ಗೊತ್ತಿಲ್ಲದೆ ಅದು ಮುಚ್ಚಲಾರದು. ‘ನಿಮಗೆ ಅನುಮತಿಯಿಲ್ಲ, ಅಡ್ಮಿನ್ ಇಂಥವರು’ ಎಂದೋ, ‘ಈ ಜಮೆ ಬೇರೆ ಖಾತೆಯಲ್ಲಿದೆ’ ಎಂದೋ ಒಂದು ಸಾಲು ಬರೆದಿದ್ದರೆ ನಮ್ಮ ಮೂರು ದಿನ ಉಳಿಯುತ್ತಿದ್ದವು. ಹುಟ್ಟುಹಬ್ಬದ ಶುಭಾಶಯಕ್ಕೆ ಇರುವ ಜಾಗ ಆ ಒಂದು ಸಾಲಿಗೆ ಇರಲಿಲ್ಲ. ಬಟನ್ ಬೂದಿಯಾಯಿತೆಂದು ತೆರಿಗೆಯ ತಾರೀಖುಗಳು ನಿಲ್ಲುವುದಿಲ್ಲ: ತೆರಿಗೆ ತುಂಬಲು ತಡವಾದರೆ ವರ್ಷಕ್ಕೆ ಶೇಕಡಾ 18 ಬಡ್ಡಿ, ಸಣ್ಣ ಮಿಲ್ಲಿನವರ ಹಣವನ್ನು ಕರಾರು ಇದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಕೊಡಬೇಕು, ತಪ್ಪಿ, ವರ್ಷ ಮುಗಿದರೂ ಕೊಡದಿದ್ದರೆ ಆ ಖರ್ಚನ್ನು ಆ ವರ್ಷದ ಆದಾಯದಲ್ಲಿ ಕಳೆಯಲು ಬಿಡುವುದಿಲ್ಲ. ಇವನ್ನೆಲ್ಲ ಕಾಯಿದೆಯವರು ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ. ವರ್ಷವರ್ಷವೂ ನಮ್ಮಿಂದ ಬಾಡಿಗೆ ವಸೂಲಿ ಮಾಡುವ ಸಾಫ್ಟ್‌ವೇರ್ ಕಂಪನಿಯವರಿಗೆ ಒಂದು ಸಾಲು ಬರೆಯಲು ಏನು ಧಾಡಿ?

ಎರಡು ಖಾತೆಗಳನ್ನು ಕೂಡಿಸಿದ್ದಾಯಿತು, ಕ್ರೆಡಿಟ್ಟಿಗೆ ಜೀವ ಬಂತು. ಪೇಮೆಂಟ್ ಮಾತ್ರ ಪುಣೆಯಲ್ಲಿಯೇ ಇದೆ. ಹುಡುಗ ಒಳ್ಳೆಯವನು, ಫೋನು ಮಾಡಿದಾಗಲೆಲ್ಲ ಓಟಿಪಿಯ ಆರು ಅಂಕಿಗಳನ್ನು ಬೇಸರವಿಲ್ಲದೆ ಓದಿ ಹೇಳುತ್ತಾನೆ. ಈ ವಾರ ಅವನಿಗೆ ರಾತ್ರಿ ಪಾಳಿ ಇರುವುದರಿಂದ, ಗಂಜಿನ ಮಿಲ್ಲಿನವರಿಗೆ ಅವನು ಎದ್ದ ಮೇಲೆ ಹಣ ಹೋಗುತ್ತದೆ.