ರಾಜಧಾನಿ ಕೈಗೆ ಬರುವ ಮೊದಲೇ ಬಂಡುಕೋರರಿಗೆ ಮಾನ್ಯತೆ ಕೊಡಬೇಕೇ?

ಪರ

2011ರ ಮಾರ್ಚ್ 10ರಂದು ಫ್ರಾನ್ಸ್, ಲಿಬಿಯಾದ ಬಂಡುಕೋರರು ಬೆಂಗಾಜಿಯಲ್ಲಿ ಕಟ್ಟಿದ್ದ ರಾಷ್ಟ್ರೀಯ ಪರಿವರ್ತನಾ ಮಂಡಳಿಗೆ ದೇಶದ ಜನರ ಅಧಿಕೃತ ಪ್ರತಿನಿಧಿಯೆಂದು ಮಾನ್ಯತೆ ಕೊಟ್ಟಾಗ ರಾಜಧಾನಿ ಟ್ರಿಪೋಲಿ ಇನ್ನೂ ದೇಶವನ್ನು ಆಳುತ್ತಿದ್ದ ಗಡಾಫಿಯ ಹಿಡಿತದಲ್ಲಿತ್ತು. ಅವಸರವಾಯಿತು ಎಂದವರು ಒಂದು ಮಾತು ಮರೆಯುತ್ತಾರೆ: ಮಂಡಳಿ ಆಳುತ್ತಿದ್ದ ಊರುಗಳ ಆಸ್ಪತ್ರೆಗಳಿಗೂ ಔಷಧ ಬೇಕಿತ್ತು, ನೌಕರರಿಗೂ ಸಂಬಳ ಆಗಬೇಕಿತ್ತು. ನಿರ್ಬಂಧಗಳಿಂದಾಗಿ ಲಿಬಿಯಾದ ಸರ್ಕಾರಿ ಹಣ ಹೊರದೇಶದ ಬ್ಯಾಂಕುಗಳಲ್ಲಿ ಸಿಕ್ಕಿಬಿದ್ದಿತ್ತು. ದೇಶದ ಪರವಾಗಿ ಸಹಿ ಹಾಕುವವರು ಯಾರೆಂದು ತೀರ್ಮಾನವಾಗದೆ ಯಾವ ಬ್ಯಾಂಕೂ ಹಣ ಬಿಡದು. ಹಕ್ಕಿಲ್ಲದವರಿಗೆ ಕೊಟ್ಟರೆ ನಾಳೆ ಹಕ್ಕಿರುವವರು ಬಂದು ಮತ್ತೆ ಕೇಳುತ್ತಾರೆ. ಈ ಗಂಟನ್ನು ಬಿಡಿಸುವುದು ಮಾನ್ಯತೆಯೇ. ಜುಲೈ 27ರಂದು ಬ್ರಿಟನ್ ಕೂಡ ಮಾನ್ಯತೆ ಕೊಟ್ಟು, ಗಡಾಫಿಯ ರಾಯಭಾರ ಸಿಬ್ಬಂದಿಯನ್ನು ಹೊರಹಾಕಿ, ಪ್ರತಿನಿಧಿಯನ್ನು ಕಳಿಸುವಂತೆ ಮಂಡಳಿಯನ್ನು ಆಹ್ವಾನಿಸಿ, ಮಂಡಳಿಯ ಹಿಡಿತದಲ್ಲಿದ್ದ ತೈಲ ಕಂಪನಿಯ 9.1 ಕೋಟಿ ಪೌಂಡ್ ಬಿಡಲು ಮುಂದಾಯಿತು.

ಷರತ್ತು ಹಾಕಲು ಕೂಡ ಇದೇ ತಕ್ಕ ಹೊತ್ತು. ಸೆರೆಯಾಳುಗಳ ಭೇಟಿಗೆ ರೆಡ್‌ಕ್ರಾಸ್‌ಗೆ ಅವಕಾಶ, ಬಂದ ಹಣಕ್ಕೆ ಲೆಕ್ಕಪರಿಶೋಧನೆ, ಚುನಾವಣೆಗೆ ದಿನಾಂಕ, ಇವನ್ನು ಮಾನ್ಯತೆಗೆ ಮೊದಲೇ ಬರೆಸಿಕೊಳ್ಳಬೇಕು. ಗೆದ್ದ ಮೇಲೆ ಕೇಳಿದರೆ ಕಿವಿಗೊಡುವವರಿಲ್ಲ.

ವಿರೋಧ

ಬ್ರಿಟನ್ ಮಾನ್ಯತೆ ಕೊಟ್ಟ ಮರುದಿನವೇ ಮಂಡಳಿಯ ಸೇನಾ ಮುಖ್ಯಸ್ಥ ಅಬ್ದುಲ್ ಫತಾ ಯೂನಿಸ್ ಹತರಾದ ಸುದ್ದಿ ಹೊರಬಿತ್ತು. ಮಂಡಳಿಯೇ ಅವರನ್ನು ವಿಚಾರಣೆಗೆ ಕರೆಸಿಕೊಂಡಿತ್ತು. ಕೊಂದವರು ಬಂಡುಕೋರರ ಪಾಳೆಯದವರೇ. ತನ್ನ ಸೇನಾಪತಿಯನ್ನೇ ಉಳಿಸಿಕೊಳ್ಳಲಾಗದ ಮಂಡಳಿಯನ್ನು ಇಡೀ ದೇಶದ ಆಡಳಿತವೆಂದು ಒಪ್ಪಿದ್ದು ಹೇಗೆ? ನೆಲದ ಮೇಲೆ ಹಿಡಿತ ಎಷ್ಟಿದೆ, ಅದು ನಿಲ್ಲುತ್ತದೆಯೇ, ಬಂದೂಕು ಹಿಡಿದವರು ಇವರ ಮಾತು ಕೇಳುತ್ತಾರೆಯೇ ಎಂಬ ಪರೀಕ್ಷೆಗಳನ್ನು ದಾಟಿ ಬಂದ ಮಾನ್ಯತೆ ಅದಲ್ಲ. ಆಯುಧ ಕೆಳಗಿಡದ ಪಡೆಗಳು ಆಮೇಲೂ ಉಳಿದವು. 2014ರ ಹೊತ್ತಿಗೆ ಲಿಬಿಯಾದಲ್ಲಿ ಎರಡು ಸರ್ಕಾರಗಳಿದ್ದವು.

ಸಿರಿಯಾದ ಕಥೆ ಇನ್ನೂ ಕಹಿ. 2012ರ ನವೆಂಬರ್‌ನಲ್ಲಿ ದೋಹಾದಲ್ಲಿ ಹುಟ್ಟಿದ ವಿರೋಧಿ ಒಕ್ಕೂಟವನ್ನು ಫ್ರಾನ್ಸ್, ಬ್ರಿಟನ್, ಅಮೆರಿಕ ವರ್ಷಾಂತ್ಯದೊಳಗೆ ಸಿರಿಯಾ ಜನರ ಪ್ರತಿನಿಧಿಯೆಂದು ಒಪ್ಪಿದವು. ವಿಶ್ವಸಂಸ್ಥೆಯಲ್ಲಿ ಸಿರಿಯಾದ ಪೀಠ ಮಾತ್ರ ಆಗಿನ ಅಧ್ಯಕ್ಷ ಅಸಾದ್ ಬಳಿಯೇ ಉಳಿಯಿತು. ಅವನಿಂದ ತಪ್ಪಿಸಿಕೊಂಡು ಓಡಿಬಂದ ನಿರಾಶ್ರಿತರು ಪಾಸ್‌ಪೋರ್ಟಿಗಾಗಿ ಅವನದೇ ರಾಯಭಾರ ಕಚೇರಿಗಳ ಮುಂದೆ ಸಾಲು ನಿಲ್ಲಬೇಕಾಯಿತು. ಇದು ನನಗೆ ಅಕ್ಷಮ್ಯವಾಗಿ ಕಾಣುತ್ತದೆ. ಕೊನೆಗೆ 2024ರ ಡಿಸೆಂಬರ್ 8ರಂದು ಅಸಾದ್ ಆಡಳಿತವನ್ನು ಉರುಳಿಸಿದ ದಾಳಿಯ ಮುಂಚೂಣಿಯಲ್ಲಿದ್ದದ್ದು ಆ ಒಕ್ಕೂಟವಲ್ಲ, ಹಯಾತ್ ತಹ್ರೀರ್ ಅಲ್-ಶಾಮ್ ಎಂಬ ಇಸ್ಲಾಮಿ ಸಶಸ್ತ್ರ ಗುಂಪು.

ಮಾನ್ಯತೆ ಕೊಡದೆಯೂ ನೆರವಾಗಬಹುದು. 1971ರ ಏಪ್ರಿಲ್‌ನಲ್ಲಿ ರಚನೆಯಾದ ಬಾಂಗ್ಲಾದೇಶದ ತಾತ್ಕಾಲಿಕ ಸರ್ಕಾರಕ್ಕೆ ಭಾರತ ಕೋಲ್ಕತ್ತದಲ್ಲಿ ನೆಲೆ ಕೊಟ್ಟಿತು, ಅದರ ಹೋರಾಟಗಾರರ ಪಡೆಯಾದ ಮುಕ್ತಿವಾಹಿನಿಗೆ ತರಬೇತಿ ಕೊಟ್ಟಿತು, ಲಕ್ಷಾಂತರ ನಿರಾಶ್ರಿತರನ್ನು ಸಾಕಿತು. ಮಾನ್ಯತೆ ಕೊಟ್ಟದ್ದು ಡಿಸೆಂಬರ್ 6ಕ್ಕೆ. ಹತ್ತು ದಿನಕ್ಕೆ ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾಯಿತು.