ಎದ್ದು ನಿಲ್ಲಲೊಲ್ಲದ ಬೀರು

ಹತ್ತನೇ ಕ್ಲಾಸಿನ ಮಗಳಿಗೆ ಲೆಕ್ಕ ಹೇಳಿಕೊಡಲು ಹೋಗಿ ಮರ್ಯಾದೆ ಕಳೆದುಕೊಂಡದ್ದು ಶನಿವಾರ ರಾತ್ರಿ. ಲಂಬಕೋನ ತ್ರಿಭುಜ, ವಿಕರ್ಣ 13, ಒಂದು ಬಾಹು 12, ಇನ್ನೊಂದು ಎಷ್ಟು? ನಾನು ಎರಡನ್ನೂ ವರ್ಗ ಮಾಡಿ ಕೂಡಿಸಿಬಿಟ್ಟೆ. ಉತ್ತರ ಹದಿನೇಳೂವರೆ ದಾಟಿತು.

"ಅಪ್ಪಾ, ಬಾಹು ವಿಕರ್ಣಕ್ಕಿಂತ ಉದ್ದ ಹೇಗಾಗುತ್ತೆ? ಕಳೀಬೇಕು. ಐದು."

"ಇದೆಲ್ಲ ಮಾರ್ಕ್ಸ್‌ಗೆ ಅಷ್ಟೇ ಕಣೇ, ಜೀವನದಲ್ಲಿ ಎಲ್ಲೂ ಬರಲ್ಲ" ಅಂತ ಎದ್ದು ಹೋದೆ.

ಮರುದಿನವೇ ಬಂತು.

ನಮ್ಮ ಮನೆಯ ಮೆಟ್ಟಿಲ ಪಕ್ಕ ಒಂದು ಪುಟ್ಟ ಕೋಣೆ ಇದೆ. ಸೀಲಿಂಗ್ ಎಂಟೇ ಅಡಿ. ಅಲ್ಲಿ ಬೀರು ಮಾಡಲು ಆಚಾರ್ರು ಬಂದಿದ್ದರು. ಸೀಲಿಂಗ್ 96 ಇಂಚು, ಎರಡು ಇಂಚು ಬಿಟ್ಟು 94 ಮಾಡಿ, ಆಳ 24 ಇರಲಿ ಅಂದಿದ್ದೆ. ಆ ಎರಡು ಇಂಚು ಬಿಟ್ಟಿದ್ದಕ್ಕೆ ನನಗೆ ನನ್ನ ಮೇಲೇ ಗೌರವ ಬಂದಿತ್ತು. ಬಾಗಿಲು ಚಿಕ್ಕದು, ಹಾಗಾಗಿ ಕೋಣೆಯೊಳಗೇ ಪ್ಲೈವುಡ್ ಕೊಯ್ದು, ನೆಲದ ಮೇಲೆ ಅಂಗಾತ ಮಲಗಿಸಿ ಜೋಡಿಸಿದರು. ಮುಂದಿನ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರು. ಆ ಕಡೆ ಈ ಕಡೆ ಎರಡೂ ಒಂದೇ ಅಳತೆ. "ಮೂಲೆ ಪಕ್ಕಾ ಸರ್" ಅಂದರು. ಪಕ್ಕದ ಹಲಗೆಗೂ ಒಂದ್ಸಲ ಹಾಗೇ ಟೇಪ್ ಹಿಡಿದಿದ್ದರೆ ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ.

ನಾನು, ಆಚಾರ್ರು, ಅವರ ಹುಡುಗ ಸೇರಿ ಎತ್ತಿದೆವು. ಬೀರು ಮುಕ್ಕಾಲು ಎದ್ದಿತು. ಆಮೇಲೆ ಟಕ್ ಅಂತ ಸದ್ದು. ನನ್ನ ತಲೆ ಮೇಲೆ ಸುಣ್ಣ ಉದುರಿತು. ಮೇಲಿನ ಮೂಲೆ ಸೀಲಿಂಗ್‌ಗೆ ಕಚ್ಚಿಕೊಂಡಿತ್ತು. ಕುಡಿದವನ ಹಾಗೆ ವಾಲಿಕೊಂಡು ನಿಂತಿತು, ಅತ್ತ ಏಳಲೂ ಇಲ್ಲ, ಇತ್ತ ಮಲಗಲೂ ಇಲ್ಲ.

"ಅಳತೆ ಸರಿ ಇದೆಯಲ್ಲ ಸರ್!" ಆಚಾರ್ರಿಗೆ ಗಾಬರಿ.

ಗಲಾಟೆಗೆ ಮಾವ ಬಂದರು. ಒಂದು ಕ್ಷಣ ನೋಡಿ, "ನಮ್ಮ ಬೌಧಾಯನ ಯಜ್ಞವೇದಿ ಅಳೆಯೋ ಶುಲ್ಬಸೂತ್ರದಲ್ಲಿ ಹಗ್ಗ ಹಿಡಿದೇ ಈ ವಿಕರ್ಣದ ವಿಷಯ ಹೇಳಿಬಿಟ್ಟಿದ್ದಾನೆ ಅಳಿಯಂದ್ರೇ, ಪೈಥಾಗೊರಸ್‌ಗಿಂತ ಮೊದಲೇ" ಅಂದರು. ಬೌಧಾಯನನ ಮೇಲೆ ನನಗೆ ಗೌರವ ಇದೆ. ಆದರೆ ಭುಜದ ಮೇಲೆ ಬೀರು ಇದ್ದಾಗ ಅಲ್ಲ.

ಮಗಳು ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಆಚಾರ್ರ ಕಿವಿಯಿಂದ ಪೆನ್ಸಿಲ್ ಕೇಳಿ ತಗೊಂಡು ಪ್ಲೈವುಡ್ ಮೇಲೇ ಬರೆದಳು. 94ರ ವರ್ಗ 8836. 24ರ ವರ್ಗ 576. ಒಟ್ಟು 9412. ವರ್ಗಮೂಲ 97ಕ್ಕೆ ಚೂರು ಜಾಸ್ತಿ. "ನಿಂತರೆ 94 ಅಪ್ಪಾ. ಏಳುವಾಗ ಪಕ್ಕದ ಹಲಗೆಯ ಮೂಲೆಯಿಂದ ಮೂಲೆಗೆ 97. ನಿಮ್ಮ ಸೀಲಿಂಗ್ 96."

ಒಂದೇ ಒಂದು ಇಂಚು!

ಬೀರು ಬಾಗಿಲಿಂದ ಆಚೆ ಹೋಗುವುದಿಲ್ಲ, ಒಳಗೆ ನಿಲ್ಲುವುದಿಲ್ಲ. "ಸೀಲಿಂಗ್ ಸ್ವಲ್ಪ ಕೆತ್ತಿದ್ರೆ?" ಅಂದೆ. ಅಡುಗೆಮನೆಯಿಂದ ಹೆಂಡತಿ ಕೆಮ್ಮಿದಳು. ಅಲ್ಲಿಗೆ ಆ ಮಾತು ಮುಗಿಯಿತು. ಮಗಳೇ ಲೆಕ್ಕ ತಿರುಗಿಸಿದಳು: ವಿಕರ್ಣ 96, ಒಂದು ಬಾಹು 24, ಇನ್ನೊಂದು ಎಷ್ಟಿರಬಹುದು? 9216ರಲ್ಲಿ 576 ಹೋದರೆ 8640. ವರ್ಗಮೂಲ 92.95. "ಈ ಸಲ ಕೂಡಿಸಬೇಡಿ" ಅಂತ ನನ್ನ ಕಡೆ ನೋಡಿದಳು.

ಆಚಾರ್ರು ಬೀರನ್ನು ವಾಪಸ್ ಮಲಗಿಸಿ, ಬುಡದಲ್ಲಿ ಒಂದೂಕಾಲು ಇಂಚು ಕೊಯ್ದರು. ಈ ಸಲ ಸೀಲಿಂಗನ್ನು ಸವರಿಕೊಂಡು ಎದ್ದು ನಿಂತಿತು. ಮೇಲೆ ಮೂರೂಕಾಲು ಇಂಚು ಸಂದು ಉಳಿದಿದೆ. ಅಲ್ಲೀಗ ಹಲ್ಲಿ ಸಂಸಾರ ಹೂಡಿದೆ.

ಮುಂದಿನ ವಾರ ಮಗಳ ಟೆಸ್ಟ್‌ನಲ್ಲಿ ಗೋಡೆಗೆ ಒರಗಿಸಿದ ಏಣಿಯ ಲೆಕ್ಕ ಬಂತಂತೆ. ಉತ್ತರ ಸರಿಯಾಗಿತ್ತು. ಆದರೂ ಅರ್ಧ ಮಾರ್ಕ್ ಹೋಗಿತ್ತು. ಏಣಿಯ ಜಾಗದಲ್ಲಿ ಅವಳು ಬೀರು ಬರೆದಿದ್ದಳು, ಅದರ ಕೆಳಗೆ ಕೈ ಎತ್ತಿ ನಿಂತ ಒಬ್ಬ ಬೊಕ್ಕತಲೆಯವನನ್ನೂ.