ಲೆಕ್ಕಕ್ಕುಂಟು, ಆಟಕ್ಕಿಲ್ಲ

ಮೊನ್ನೆ ವಾಕಿಂಗ್ ಹೋದವನು ಅರ್ಧ ದಾರಿಯಲ್ಲಿ ಕೈ ನೋಡಿಕೊಂಡೆ. ಚಾರ್ಜ್ ಇಲ್ಲದೆ ಸ್ಮಾರ್ಟ್‌ವಾಚ್ ಆಫ್ ಆಗಿತ್ತು. ಮೊದಲು ಬಾಯಿಗೆ ಬಂದದ್ದು, "ಅಯ್ಯೋ, ನಡೆದಿದ್ದೆಲ್ಲ ದಂಡ!" ಗಾಳಿ ಚೆನ್ನಾಗಿತ್ತು, ಕಾಲೂ ಹಗುರಾಗಿತ್ತು. ಆದರೂ ಹೆಜ್ಜೆ ಲೆಕ್ಕಕ್ಕೆ ಸಿಗಲಿಲ್ಲವಲ್ಲ ಅಂತ ಬೇಜಾರು. ವಾಪಸ್ ಬರುವಾಗ ನನಗೇ ನಾಚಿಕೆಯಾಯಿತು.

ಪುಟ್ಟ ಮಕ್ಕಳನ್ನು ಸೇರಿಸಿಕೊಳ್ಳುವಾಗ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಅಂತೀವಲ್ಲ. ಪಾಪ ಅಂತ ಹೇಳುವ ಮಾತು. ಆದರೆ ಆ ಗುಂಪಿನಲ್ಲಿ ನಿಜವಾಗಿ ಆಡುವುದು ಆ ಪುಟಾಣಿ ಒಂದೇ ಅನ್ನಿಸುತ್ತದೆ. ಔಟಾದರೂ ಓಡುತ್ತಲೇ ಇರುತ್ತದೆ.

ಆಟ ಯಾಕೆ ಅಂತ ತಲೆ ಕೆಡಿಸಿಕೊಂಡ ಪಂಡಿತರೂ ಆಟವನ್ನು ಸುಮ್ನೆ ಬಿಡಲಿಲ್ಲ. ಮೈಯಲ್ಲಿ ಮಿಕ್ಕ ಶಕ್ತಿ ಆಟವಾಗಿ ಹೊರಬರುತ್ತದೆ ಅಂದ ಹರ್ಬರ್ಟ್ ಸ್ಪೆನ್ಸರ್. ಮೋರಿಟ್ಜ್ ಲಾಜರಸ್ 1883ರಲ್ಲಿ ಪೂರ್ತಿ ಉಲ್ಟಾ ಹೇಳಿದ: ದಣಿದವನಿಗೇ ಆಟ ಬೇಕು, ಚೇತರಿಸಿಕೊಳ್ಳೋಕೆ. ಬೆಕ್ಕಿನ ಮರಿ ದಾರದುಂಡೆ ಮೇಲೆ ಹಾರುವುದು ಮುಂದಿನ ಬೇಟೆಗೆ ತಾಲೀಮು ಅಂತ ಕಾರ್ಲ್ ಗ್ರೂಸ್. ಆಟದ ಮಜಾ ಆಟದಲ್ಲೇ ಇದೆ, ಅದನ್ನು ಇನ್ನೊಂದರ ಲೆಕ್ಕಕ್ಕೆ ಬರೆಯಬೇಡಿ ಎಂಬ ಧಾಟಿಯಲ್ಲಿ 1938ರಲ್ಲಿ ಬರೆದವನು ಡಚ್ ಇತಿಹಾಸಕಾರ ಯೊಹಾನ್ ಹೌಜಿಂಗಾ. (ಆಮೇಲೆ ಕೋರ್ಟು, ಯುದ್ಧ, ಕಾವ್ಯ ಎಲ್ಲದರಲ್ಲೂ ಆಟವನ್ನೇ ಕಂಡ. ಅದು ಸ್ವಲ್ಪ ಜಾಸ್ತಿಯಾಯಿತು.)

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ 1973ರ ಒಂದು ಪ್ರಯೋಗ. ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಮಾಡಿದ್ದು. ಚಿತ್ರ ಬಿಡಿಸುವ ಹುಚ್ಚಿದ್ದ ಪುಟ್ಟ ಮಕ್ಕಳಿಗೆ ಸ್ಕೆಚ್‌ಪೆನ್ ಕೊಟ್ಟರು. ಕೆಲವರಿಗೆ, ಬಿಡಿಸಿದರೆ ಬಹುಮಾನ ಅಂತ ಮೊದಲೇ ಹೇಳಿದರು. ಚಿನ್ನದ ಬಣ್ಣದ ನಕ್ಷತ್ರ, ಕೆಂಪು ರಿಬ್ಬನ್ ಇರುವ ಪ್ರಶಸ್ತಿಪತ್ರ. ಕೆಲವರಿಗೆ ಏನೂ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಸ್ವಲ್ಪ ದಿನ ಬಿಟ್ಟು ಅದೇ ಪೆನ್ನುಗಳನ್ನು ಮೇಜಿನ ಮೇಲಿಟ್ಟು ಮರೆಯಿಂದ ನೋಡಿದರು. ಬಹುಮಾನದ ಆಸೆಗೆ ಬಿಡಿಸಿದ್ದವರು ಪೆನ್ನು ಹಿಡಿದದ್ದು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ.

ಅಚಾನಕ್ಕಾಗಿ ಬಹುಮಾನ ಸಿಕ್ಕವರಿಗೆ ಏನೂ ಆಗಿರಲಿಲ್ಲ, ಗಮನಿಸಿ. ಅಂದರೆ ತಪ್ಪು ಬಹುಮಾನದ್ದಲ್ಲ. ಮೊದಲೇ ಲೆಕ್ಕ ಹಾಕಿಕೊಂಡು ಕೂತದ್ದೇ ಕೆಟ್ಟದ್ದು. ಯಾರಾದರೂ ಸುಮ್ನೆ ಹಾಡಿಕೊಂಡರೆ "ಯೂಟ್ಯೂಬ್‌ಗೆ ಹಾಕ್ರೀ" ಅಂತೀವಿ. "ಭಾನುವಾರ ರೆಸ್ಟ್ ತಗೊಂಡ್ರೆ ಸೋಮವಾರ ಕೆಲಸ ಚೆನ್ನಾಗಾಗುತ್ತೆ" ಅಂತೀವಿ. ಹಾಗಾದ್ರೆ ಭಾನುವಾರವೂ ಆಫೀಸಿಗೇ ದುಡಿದ ಹಾಗಾಯ್ತು, ಅಲ್ವಾ?

ನಿನ್ನೆ ವಾಚ್ ಮನೆಯಲ್ಲೇ ಬಿಟ್ಟು ಹೋದೆ. ದಾರಿಯಲ್ಲಿ ಒಂದು ಕಲ್ಲು ಸಿಕ್ಕಿತು. ಒದ್ದುಕೊಂಡೇ ಹೋದೆ, ಮೋರಿಗೆ ಬೀಳುವ ತನಕ. 11 ಸಲ ಒದ್ದೆ. ಹೌದು, ಎಣಿಸಿದ್ದೆ.